ಮದುವೆ, ಜಾತ್ರೆ, ಗಣಪತಿ: ನಮ್ಮ ಕಡೆಗೆ ಯಾವ ಲೇಸರ್ ಸೆಟ್ ಸರಿ?

ಲೇಸರ್ ಹಾಕುವವರಿಗೆ ಸಿಗುವ ಸಮಯ ಭಾಳ ಕಮ್ಮಿ. ಹಗಲಲ್ಲಿ ಬೀಮ್ ಸರಿಯಾಗಿ ಕಾಣುವುದಿಲ್ಲ, ಸೆಟ್ಟಿಂಗ್ ಮಾಡೋಕೆ ಆಗುವುದಿಲ್ಲ. ಕತ್ತಲಾದ ಮೇಲೆ ಕಾಣುತ್ತದೆ. ಆದರೆ ಅಷ್ಟೊತ್ತಿಗೆ ಜನ ಬಂದು ಕೂತಿರುತ್ತಾರೆ, ಮುಂದಿನ ಸಾಲಿನಲ್ಲಿ ಮಕ್ಕಳಿರುತ್ತಾರೆ, ಸ್ಟೇಜಿನ ಮೇಲೆ ಯಾರೋ "ಹಲೋ, ಮೈಕ್ ಟೆಸ್ಟಿಂಗ್" ಶುರು ಮಾಡಿರುತ್ತಾರೆ. ನಡುವೆ ಸಿಗೋದು ಮುಕ್ಕಾಲು ತಾಸು. ಒಮ್ಮೊಮ್ಮೆ ಅರ್ಧ ತಾಸು.

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಸುತ್ತ ಪೆಂಡಾಲು, ಸೌಂಡು, ಲೈಟಿನ ಕೆಲಸ ಮಾಡುವ ಹುಡುಗರು ಕೇಳುವ ಪ್ರಶ್ನೆ ಒಂದೇ: "ಅಣ್ಣಾ, ಯಾವ ಸಾಫ್ಟ್‌ವೇರ್‌ನ್ಯಾಗ ಎಫೆಕ್ಟ್ ಛಲೋ ಅದಾವು?" ನಾನೂ ಮೊದಲು ಹಾಗೇ ಕೇಳಿದ್ದೆ. ಎಫೆಕ್ಟ್ ಎಲ್ಲದರಲ್ಲೂ ಬೇಕಾದಷ್ಟು ಇವೆ. ನೋಡಬೇಕಾದದ್ದು ಬೇರೆ. ಆ ಮುಕ್ಕಾಲು ತಾಸಿನಲ್ಲಿ ಸೆಟ್ ಎಷ್ಟು ಬೇಗ ಆ ಜಾಗಕ್ಕೆ ಹೊಂದುತ್ತದೆ? ಹೊಂದಿಸಿದ್ದು ನಾಳೆಗೂ ಉಳಿಯುತ್ತದಾ? ಇಲ್ಲಿ ಎಲ್ಲವನ್ನೂ ಅದೇ ತಕ್ಕಡಿಯಲ್ಲಿ ತೂಗಿದ್ದೇನೆ. ಬೆಲೆ ಬರೆಯುತ್ತಿಲ್ಲ. ಹೆಚ್ಚಿನ ಮಾಲು ಹೊರಗಿನಿಂದ ಬರುತ್ತದೆ, ಡಾಲರ್ ಜೊತೆ ಏರಿಳಿಯುತ್ತದೆ.

ಡಬ್ಬಿಯೊಳಗೆ ಏನಿರುತ್ತದೆ

ಇದನ್ನು ಬೇಗ ಮುಗಿಸೋಣ. ಕೆಂಪು, ಹಸಿರು, ನೀಲಿ ಮೂರು ಲೇಸರ್ ಒಂದೇ ಗೆರೆಗೆ ಬಂದು ಸೇರುತ್ತವೆ. ಆ ಗೆರೆ ಎರಡು ಪುಟ್ಟ ಕನ್ನಡಿಗಳಿಗೆ ಬಡಿಯುತ್ತದೆ. ಒಂದು ಕನ್ನಡಿ ಅಡ್ಡ ಓಡಾಡುತ್ತದೆ, ಇನ್ನೊಂದು ಮೇಲೆ ಕೆಳಗೆ. ಇವಕ್ಕೆ ಗ್ಯಾಲ್ವೊ ಅಂತಾರೆ. ಕನ್ನಡಿ ಎಷ್ಟು ಜೋರಾಗಿ ಅಲ್ಲಾಡುತ್ತದೋ ಅಷ್ಟು ಚುಕ್ಕಿ ಒಂದು ಸೆಕೆಂಡಿಗೆ ಹಾಕಬಹುದು. 30 ಸಾವಿರ ಚುಕ್ಕಿ ಅಂದರೆ 30ಕೆ. ರಂಗೋಲಿಯಲ್ಲಿ ಚುಕ್ಕಿ ಇಟ್ಟು ಗೆರೆ ಎಳೆದ ಹಾಗೆಯೇ. ಆದರೆ ಇಲ್ಲಿ ಹಾಕಿದ ಗೆರೆ ನಿಲ್ಲುವುದಿಲ್ಲ. ಕಣ್ಣಿಗೆ ನಿಂತ ಹಾಗೆ ಕಾಣಬೇಕಾದರೆ ಅದೇ ಚಿತ್ರವನ್ನು ಮತ್ತೆ ಮತ್ತೆ ಬರೆಯುತ್ತಲೇ ಇರಬೇಕು.

ಕಂಪ್ಯೂಟರಿನ ಲೆಕ್ಕವನ್ನು ಕನ್ನಡಿಗೆ ಅರ್ಥವಾಗುವ ವೋಲ್ಟೇಜ್ ಮಾಡಲು ನಡುವೆ ಒಂದು ಪೆಟ್ಟಿಗೆ ಬೇಕು. ಅದಕ್ಕೆ ಡ್ಯಾಕ್ ಅಂತಲೂ ಇಂಟರ್‌ಫೇಸ್ ಅಂತಲೂ ಹೇಳುತ್ತಾರೆ. ಪ್ರೊಜೆಕ್ಟರ್ ಹಿಂದೆ 25 ಪಿನ್ನಿನ ಅಗಲವಾದ ಸಾಕೆಟ್ ಇದ್ದರೆ ಅದು ಐಎಲ್‌ಡಿಎ ಕನೆಕ್ಷನ್. ಹಳೇ ಪ್ರಿಂಟರ್ ಕೇಬಲ್ ನೋಡಿದವರಿಗೆ ಗುರುತು ಸಿಗುತ್ತದೆ. ಐಎಲ್‌ಡಿಎ ಅನ್ನೋದು 1986ರಲ್ಲಿ ಶುರುವಾದ ಲೇಸರ್ ಶೋದವರ ಅಂತಾರಾಷ್ಟ್ರೀಯ ಸಂಘ. ಅವರು ಹಾಕಿಕೊಟ್ಟ ಪಿನ್ ಲೆಕ್ಕವನ್ನೇ ಎಲ್ಲರೂ ಪಾಲಿಸುತ್ತಾರೆ. ಆ ಸಾಕೆಟ್ ಇಲ್ಲ, ಒಳಗೆ ಡ್ಯಾಕ್ ಕೂಡ ಇಲ್ಲ ಅಂದರೆ ಅಂಥ ಪ್ರೊಜೆಕ್ಟರನ್ನು ಯಾವ ಸಾಫ್ಟ್‌ವೇರೂ ಮುಟ್ಟಲಾರದು. ಕೊಳ್ಳುವ ಮೊದಲು ಹಿಂಭಾಗ ತಿರುಗಿಸಿ ನೋಡಿ.

ಮೊದಲನೇ ದಾರಿ: ಸಾಫ್ಟ್‌ವೇರೇ ಬೇಡ

ಎಸ್‌ಡಿ ಕಾರ್ಡ್ ಹಾಕಿದರೆ ತಾನೇ ಓಡುವ, ಲೈಟಿಂಗ್ ಬೋರ್ಡಿನ ಆದೇಶ ತರುವ ಡಿಎಮ್‌ಎಕ್ಸ್ ವೈರಿನ ಮಾತೂ ಕೇಳುವ ಸಾದಾ ಪ್ರೊಜೆಕ್ಟರ್. ನಮ್ಮ ಊರುಗಳಲ್ಲಿ ಜಾಸ್ತಿ ಓಡಾಡುವುದು ಇದೇ. ಈಗಾಗಲೇ ಡಿಎಮ್‌ಎಕ್ಸ್ ಬೋರ್ಡಿನಲ್ಲಿ ಪಾರ್ ಲೈಟು, ಮೂವಿಂಗ್ ಹೆಡ್ ಆಡಿಸುವವರಿಗೆ ಕಲಿಯೋಕೆ ಏನೂ ಇಲ್ಲ. ಒಂದು ಚಾನೆಲ್ ಪ್ಯಾಟರ್ನ್ ಬದಲಿಸುತ್ತದೆ, ಒಂದು ಸೈಜು, ಒಂದು ಬಣ್ಣ.

ಸಣ್ಣ ಹಾಲ್‌ನ ಆರತಕ್ಷತೆಗೆ ಇಷ್ಟು ಸಾಕು ಅನ್ನೋರ ಜೊತೆ ನಾನು ಜಗಳ ಆಡುವುದಿಲ್ಲ. ಆದರೆ ಮೂಲೆ ಮೂಲೆ ಹಿಡಿದು ಚಿತ್ರವನ್ನು ಗೋಡೆಗೆ ಕೂರಿಸುವುದು ಇದರಲ್ಲಿ ಆಗುವುದಿಲ್ಲ. "ಇಲ್ಲಿಂದ ಕೆಳಗೆ ಬೀಮ್ ಬರಕೂಡದು" ಅಂತ ಗೆರೆ ಎಳೆಯುವುದಂತೂ ದೂರದ ಮಾತು. ಡಬ್ಬಿಯನ್ನೇ ಮೇಲಕ್ಕೆ ಓರೆ ಮಾಡಿ, ಕ್ಲಾಂಪ್ ಬಿಗಿದು, ದೇವರ ಮೇಲೆ ಭಾರ ಹಾಕಬೇಕು.

ಇನ್ನೊಂದು ಕಾಟ ಇದೆ. ಜನರೇಟರ್ ಒಂದು ಸಲ ಕೆಮ್ಮಿ ಕರೆಂಟು ಹೋಗಿ ಬಂತು ಅನ್ನಿ. ಇಂಥ ಕೆಲವು ಡಬ್ಬಿ ಮತ್ತೆ ಎದ್ದಾಗ ನಿಮ್ಮ ಸೆಟ್ಟಿಂಗ್ ಮರೆತು ಆಟೋ ಮೋಡಿಗೆ ಹೋಗುತ್ತವೆ. ಬೀಮ್ ಎಲ್ಲೆಂದರಲ್ಲಿ ಕುಣಿಯುತ್ತದೆ. ನೀವು ಬೋರ್ಡಿನ ಹತ್ತಿರ ಇದ್ದರೆ ಸರಿ, ಊಟಕ್ಕೆ ಎದ್ದು ಹೋಗಿದ್ದರೆ? ತಗೊಳ್ಳುವಾಗ ಅಂಗಡಿಯಲ್ಲೇ ಪ್ಲಗ್ ಕಿತ್ತು ಮತ್ತೆ ಹಾಕಿ, ಏನು ಮಾಡುತ್ತದೆ ನೋಡಿಕೊಳ್ಳಿ.

ಎರಡನೇ ದಾರಿ: ಯುಎಸ್‌ಬಿ ಪೆಟ್ಟಿಗೆ, ಕ್ವಿಕ್‌ಶೋ

ಪ್ಯಾಂಗೊಲಿನ್ ಕಂಪನಿಯ ಕ್ವಿಕ್‌ಶೋ ಸಾಫ್ಟ್‌ವೇರ್ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಅದು ಅವರದೇ ಹಾರ್ಡ್‌ವೇರ್ ಜೊತೆ ನಡೆಯುತ್ತದೆ: ಯುಎಸ್‌ಬಿಯ ಎಫ್‌ಬಿ3, ಅಥವಾ ನೆಟ್‌ವರ್ಕ್ ಕೇಬಲಿನ ಎಫ್‌ಬಿ4. ಪರದೆಯ ತುಂಬ ಚೌಕ ಚೌಕ ಕ್ಯೂಗಳು, ಅಂದರೆ ಒಂದೊಂದು ಎಫೆಕ್ಟಿಗೆ ಒಂದೊಂದು ಗುಂಡಿ. ಒತ್ತಿದರೆ ಬೀಮ್, ಮತ್ತೆ ಒತ್ತಿದರೆ ಬಂದ್. ಎರಡು ಸಂಜೆ ಕೂತರೆ ಕೈ ಕೂಡುತ್ತದೆ.

ಇದರಲ್ಲಿ ನನಗೆ ಬೇಕಾದದ್ದು ಪ್ರೊಜೆಕ್ಷನ್ ಝೋನ್ ಅನ್ನೋ ಕಿಟಕಿ. ಚಿತ್ರ ಎಲ್ಲಿ ಬೀಳಬೇಕು, ಎಷ್ಟು ದೊಡ್ಡದು, ಓರೆಯಾದ ಗೋಡೆಗೆ ಹೇಗೆ ನೆಟ್ಟಗೆ ಮಾಡಬೇಕು, ಎಲ್ಲ ಅಲ್ಲೇ. ಒಂದೇ ಪ್ರೊಜೆಕ್ಟರಿಗೆ ಎರಡು ಮೂರು ಝೋನ್ ಇಡಬಹುದು. ಗಂಡು-ಹೆಣ್ಣಿನ ಹೆಸರು ಬೀಳುವ ಗೋಡೆಗೆ ಒಂದು, ಮೇಲೆ ಗಾಳಿಯಲ್ಲಿ ಹರಡುವ ಬೀಮಿಗೆ ಇನ್ನೊಂದು.

ತೊಂದರೆ ಇರೋದು ವೈರಿನಲ್ಲಿ. ಸಾದಾ ಯುಎಸ್‌ಬಿ ಕೇಬಲ್ 5 ಮೀಟರಿಗಿಂತ ಉದ್ದ ಹೋಗಬಾರದು. ನಮ್ಮ ಮಿಕ್ಸರ್ ಟೇಬಲ್ ಸ್ಟೇಜಿನಿಂದ 20, 30 ಮೀಟರ್ ದೂರ ಇರುತ್ತದೆ. ನಾನು ಶುರುವಿನಲ್ಲಿ ಗದಗದ ಒಂದು ಮದುವೆಯಲ್ಲಿ ಎಕ್ಸ್‌ಟೆನ್ಶನಿಗೆ ಎಕ್ಸ್‌ಟೆನ್ಶನ್ ಜೋಡಿಸಿ ಎಳೆದಿದ್ದೆ. ಮಧ್ಯಾಹ್ನ ಎಲ್ಲ ಚೆಂದ ಓಡಿತು. ರಾತ್ರಿ ಮದುಮಕ್ಕಳು ಸ್ಟೇಜಿಗೆ ಬರುವ ಹೊತ್ತಿಗೆ ಸರಿಯಾಗಿ ಯಾರದೋ ಕುರ್ಚಿಯ ಕಾಲು ಜೋಡಣೆಯ ಮೇಲೆ ಕೂತಿತು. ಲೇಸರ್ ಆರಿತು. ಪುಣ್ಯಕ್ಕೆ ಆರಿತು ಅನ್ನಿ, ಒಂದೇ ಕಡೆ ನಿಲ್ಲಲಿಲ್ಲ.

ಸರಿಯಾದ ಉಪಾಯ ಸುಲಭವಿದೆ. ಪೆಟ್ಟಿಗೆಯನ್ನು ಲ್ಯಾಪ್‌ಟಾಪ್ ಪಕ್ಕದಲ್ಲೇ ಇಟ್ಟುಕೊಳ್ಳಿ, ಅಲ್ಲಿಂದ ಪ್ರೊಜೆಕ್ಟರಿಗೆ ಉದ್ದನೆಯ ಐಎಲ್‌ಡಿಎ ಕೇಬಲ್ ಎಳೆಯಿರಿ. ಐಎಲ್‌ಡಿಎಯಲ್ಲಿ ಒಂದೊಂದು ಸಿಗ್ನಲಿಗೂ ಪ್ಲಸ್ ಮತ್ತು ಮೈನಸ್ ಅಂತ ಜೋಡಿ ತಂತಿ ಇರುತ್ತದೆ. ದಾರಿಯಲ್ಲಿ ಸೇರುವ ಗದ್ದಲ ಎರಡಕ್ಕೂ ಒಂದೇ ಥರ ಸೇರಿ, ಕೊನೆಯಲ್ಲಿ ಕಳೆದುಹೋಗುತ್ತದೆ. ಅದಕ್ಕೇ 30 ಮೀಟರ್ ಎಳೆದರೂ ಚಿತ್ರ ನಡುಗುವುದಿಲ್ಲ. ಕೇಬಲ್ ದಪ್ಪ, ಭಾರ, ಸುತ್ತಿಡುವ ಹುಡುಗನ ಬೈಗುಳ ಬೇರೆ.

ಮೂರನೇ ದಾರಿ: ಎಫ್‌ಬಿ4, ಬೇಕಿದ್ದರೆ ಬಿಯಾಂಡ್

ಎಫ್‌ಬಿ4 ಎಷ್ಟೋ ಪ್ರೊಜೆಕ್ಟರುಗಳ ಹೊಟ್ಟೆಯೊಳಗೇ ಕೂತು ಬರುತ್ತದೆ. ಅದಕ್ಕೆ ಹೋಗುವುದು ಸಾದಾ ನೆಟ್‌ವರ್ಕ್ ಕೇಬಲ್, 100 ಮೀಟರ್‌ವರೆಗೆ ಚಿಂತೆ ಇಲ್ಲ. ಸಿಸಿಟಿವಿ ಹಾಕುವವರ ಹತ್ತಿರ ರೀಲುಗಟ್ಟಲೆ ಸಿಗುತ್ತದೆ, ತುದಿ ಹಾಳಾದರೆ ನೀವೇ ಕತ್ತರಿಸಿ ಹೊಸ ಕ್ಲಿಪ್ ಹಾಕಬಹುದು. ಜಾತ್ರೆಯಲ್ಲಿ ಟ್ರ್ಯಾಕ್ಟರ್ ಹಾದು ಕೇಬಲ್ ಹೋದಾಗ ಇದರ ಬೆಲೆ ಗೊತ್ತಾಗುತ್ತದೆ. ನಾಲ್ಕು ಪ್ರೊಜೆಕ್ಟರ್ ಇದ್ದರೆ ಒಂದು ಸ್ವಿಚ್ ಇಟ್ಟು ನಾಲ್ಕಕ್ಕೂ ಹಂಚಿದರೆ ಆಯಿತು. ಡಿಎಮ್‌ಎಕ್ಸ್, ಅದನ್ನೇ ನೆಟ್‌ವರ್ಕ್ ಕೇಬಲಿನಲ್ಲಿ ಕಳಿಸುವ ಆರ್ಟ್‌ನೆಟ್, ಎರಡನ್ನೂ ಇದು ಕೇಳುತ್ತದೆ. ಅಂದರೆ ನಿಮ್ಮ ಲೈಟಿಂಗ್ ಬೋರ್ಡಿನಿಂದಲೇ ಕ್ಯೂ ಕೊಡಬಹುದು.

ಪೆಟ್ಟಿಗೆಯ ಮೇಲೆ ಸಣ್ಣ ಪರದೆ, ತಿರುಗಿಸುವ ಗುಂಡಿ ಇರುತ್ತದೆ. ಅದರಿಂದ ಸೈಜು, ಜಾಗ, ಬಣ್ಣ ಅಲ್ಲೇ ಬದಲಿಸಬಹುದು. ಟ್ರಸ್ (ಲೈಟು ಕಟ್ಟುವ ಚೌಕಟ್ಟು) ಹತ್ತಿದ ಹುಡುಗ ಅಲ್ಲೇ ನಿಂತು ಚಿತ್ರ ಸರಿ ಮಾಡಬಹುದು, ಕೆಳಗಿನಿಂದ "ಇನ್ನೊಂಚೂರು ಎಡಕ್ಕ... ಏ, ಭಾಳ ಆತು" ಅಂತ ಕೂಗಬೇಕಾಗಿಲ್ಲ.

ಆದರೆ ಝೋನ್ ಲೆಕ್ಕ ಇರುವುದು ಲ್ಯಾಪ್‌ಟಾಪಿನಲ್ಲಿ. ಇದನ್ನು ನಾನು ಕಲಿತದ್ದು ಹಾವೇರಿಯಲ್ಲಿ. ನನ್ನ ಲ್ಯಾಪ್‌ಟಾಪ್ ಕೈ ಕೊಟ್ಟಿತು, ಗೆಳೆಯನದ್ದು ತಂದು ಜೋಡಿಸಿದೆ. ಕೇಬಲ್ ಹಾಕಿದ ತಕ್ಷಣ ಪ್ರೊಜೆಕ್ಟರ್ ಕಾಣಿಸಿತು, ಖುಷಿಯಾಯಿತು. ಮೊದಲ ಕ್ಯೂ ಒತ್ತಿದೆ. ಬೀಮ್ ಪೂರ್ತಿ ಅಗಲಕ್ಕೆ ಹರಡಿ ಖಾಲಿ ಕುರ್ಚಿಗಳ ಮೇಲೆ, ಸರಿಯಾಗಿ ಕೂತವರ ಮುಖ ಇರುವ ಎತ್ತರದಲ್ಲಿ ಬಂತು. ಕುರ್ಚಿ ಖಾಲಿ ಇದ್ದವು, ಅಷ್ಟೇ ನನ್ನ ಅದೃಷ್ಟ. ಅವತ್ತಿನಿಂದ ಝೋನ್ ಬ್ಯಾಕಪ್ ಪೆನ್ ಡ್ರೈವ್ ಪ್ರೊಜೆಕ್ಟರಿನ ಪೆಟ್ಟಿಗೆಯ ಮುಚ್ಚಳದಲ್ಲೇ ಟೇಪು ಹಚ್ಚಿ ಇಟ್ಟಿದ್ದೇನೆ.

ಬಿಯಾಂಡ್ ಬಗ್ಗೆ ಸ್ವಲ್ಪ. ಅದು ಪ್ಯಾಂಗೊಲಿನ್‌ನದೇ ದೊಡ್ಡ ಸಾಫ್ಟ್‌ವೇರ್. ಎಸೆನ್ಶಿಯಲ್ಸ್, ಅಡ್ವಾನ್ಸ್ಡ್, ಅಲ್ಟಿಮೇಟ್ ಅಂತ ಮೂರು ಮೆಟ್ಟಿಲು. ಟೈಮ್‌ಲೈನ್ ಹಾಕಿ ಹಾಡಿನ ಜೊತೆ ಶೋ ಕಟ್ಟುವವರಿಗೆ, ಎಂಟು ಹತ್ತು ಪ್ರೊಜೆಕ್ಟರ್ ಆಡಿಸುವವರಿಗೆ ಬೇಕು. ಎರಡು ಪ್ರೊಜೆಕ್ಟರ್ ಇಟ್ಟುಕೊಂಡು ಮದುವೆ ಸೀಸನ್ ಓಡಿಸುವವರು ಅದಕ್ಕೆ ದುಡ್ಡು ಹಾಕಿದರೆ ಸೈಕಲ್ಲಿಗೆ ಲಾರಿ ಟೈರು ಹಾಕಿದ ಹಾಗೆ.

ನಾಲ್ಕನೇ ದಾರಿ: ತೆರೆದ ಡ್ಯಾಕ್‌ಗಳು

ಹೀಲಿಯೋಸ್ ಅಂತ ಒಂದು ಯುಎಸ್‌ಬಿ ಡ್ಯಾಕ್ ಇದೆ, ಈಥರ್ ಡ್ರೀಮ್ ಅಂತ ನೆಟ್‌ವರ್ಕ್ ಡ್ಯಾಕ್ ಇದೆ. ಇವುಗಳ ಜೊತೆ ಮಾತಾಡುವ ರೀತಿ ಎಲ್ಲರಿಗೂ ತೆರೆದಿದೆ. ಯಾವ ಒಂದು ಕಂಪನಿಯ ಸಾಫ್ಟ್‌ವೇರಿಗೂ ನಿಮ್ಮನ್ನು ಕಟ್ಟಿ ಹಾಕುವುದಿಲ್ಲ. ಮ್ಯಾಡ್‌ಮ್ಯಾಪರ್, ಮಾಡ್ಯುಲೇಸರ್, ಲಿಬರೇಶನ್ ಥರದ ಸಾಫ್ಟ್‌ವೇರುಗಳು ಇವುಗಳ ಜೊತೆ ಮಾತಾಡುತ್ತವೆ. ಮ್ಯಾಕ್ ಇಟ್ಟುಕೊಂಡು ಹಾಡಿನ ಜೊತೆ ದೃಶ್ಯ ಆಡಿಸುವ ವಿಜೆಗಳಿಗೆ ಇದೇ ಅನುಕೂಲ. ಇಂಜಿನಿಯರಿಂಗ್ ಕಾಲೇಜಿನ ಹುಡುಗರು ತಾವೇ ಪ್ರೋಗ್ರಾಂ ಬರೆದು ಆಡಿಸಬೇಕು ಅಂದರೂ ನಾನು ಹೇಳೋದು ಇದನ್ನೇ. ಕೈಗೆ ಎಟುಕುವ ಖರ್ಚಿನಲ್ಲಿ ಜಾಸ್ತಿ ಕಲಿಯಬಹುದು.

ಬಾಡಿಗೆ ಕೆಲಸಕ್ಕೆ? ನಾನು ಹಿಂದೇಟು ಹಾಕುತ್ತೇನೆ. ಏನಾದರೂ ಕೆಟ್ಟರೆ ಡ್ಯಾಕ್ ಒಬ್ಬರದು, ಸಾಫ್ಟ್‌ವೇರ್ ಇನ್ನೊಬ್ಬರದು, ಪ್ರೊಜೆಕ್ಟರ್ ಮತ್ತೊಬ್ಬರದು. ತಪ್ಪು ಯಾರದು ಅಂತ ಹುಡುಕೋಕೆ ಆ ಮುಕ್ಕಾಲು ತಾಸು ಸಾಲುವುದಿಲ್ಲ.

ಲೇಸರ್‌ವರ್ಲ್ಡ್ ಪ್ರೊಜೆಕ್ಟರ್ ಕೊಂಡವರಿಗೆ ಅವರದೇ ಶೋನೆಟ್ ಇಂಟರ್‌ಫೇಸ್, ಶೋಎಡಿಟರ್ ಸಾಫ್ಟ್‌ವೇರ್ ಇದೆ. ಅದೂ ನೆಟ್‌ವರ್ಕ್ ಕೇಬಲಿನಲ್ಲೇ ನಡೆಯುತ್ತದೆ. ಆ ಪ್ರೊಜೆಕ್ಟರ್ ಈಗಾಗಲೇ ಕೈಯಲ್ಲಿದ್ದರೆ ಅದರಲ್ಲೇ ಮುಂದುವರಿಯಿರಿ. ಬರೀ ಸಾಫ್ಟ್‌ವೇರ್ ಆಸೆಗೆ ಬದಲಿಸಬೇಡಿ.

30ಕೆ ಅಂದರೆ ನಿಜವಾಗಿ ಎಷ್ಟು?

ಯಾವ ದಾರಿ ಹಿಡಿದರೂ ಈ ಒಂದು ಪರೀಕ್ಷೆ ಮಾಡಲೇಬೇಕು. ಡಬ್ಬಿಯ ಮೇಲೆ 30ಕೆ ಅಂತ ಬರೆದಿರುತ್ತಾರೆ. ಯಾವ ಕೋನದಲ್ಲಿ ಅಂತ ಬರೆಯುವುದಿಲ್ಲ. ಐಎಲ್‌ಡಿಎ ಲೆಕ್ಕದಲ್ಲಿ 30ಕೆ ಅಂದರೆ 8 ಡಿಗ್ರಿ ಕೋನದಲ್ಲಿ ಸೆಕೆಂಡಿಗೆ 30 ಸಾವಿರ ಚುಕ್ಕಿ. 8 ಡಿಗ್ರಿ ಭಾಳ ಚಿಕ್ಕದು. 5 ಮೀಟರ್ ದೂರದ ಗೋಡೆಯ ಮೇಲೆ ಅದು ಬರೀ 70 ಸೆಂಟಿಮೀಟರ್ ಅಗಲ. ನಾವು ಶೋದಲ್ಲಿ ಬೀಮನ್ನು 40 ಡಿಗ್ರಿಗೆ ಹರಡುತ್ತೇವೆ. ಆಗ ಅದೇ ಕನ್ನಡಿ ಅದೇ ವೇಗದಲ್ಲಿ ಓಡಲಾರದು.

ಪರೀಕ್ಷೆ ಹೀಗೆ. ಪ್ರೊಜೆಕ್ಟರನ್ನು ಗೋಡೆಯಿಂದ 5 ಮೀಟರ್ ದೂರ ಇಡಿ, ಟೇಪು ಹಿಡಿದು ಅಳೆಯಿರಿ. ಪವರ್ ಕಮ್ಮಿ ಮಾಡಿ. ಸಾಫ್ಟ್‌ವೇರಿನಿಂದ ಐಎಲ್‌ಡಿಎ ಟೆಸ್ಟ್ ಪ್ಯಾಟರ್ನ್ ಬಿಡಿ. ಇಡೀ ಚಿತ್ರದ ಅಗಲ 70 ಸೆಂಟಿಮೀಟರ್ ಆಗುವ ಹಾಗೆ ಸೈಜು ಇಳಿಸಿ. ಸ್ಕ್ಯಾನ್ ರೇಟ್ 30 ಸಾವಿರಕ್ಕೆ ಇಡಿ. ಈಗ ಗೋಡೆಯ ಹತ್ತಿರ ಹೋಗಿ ನಡುವಿನ ಚೌಕ ನೋಡಿ. ಅದರೊಳಗೆ ಒಂದು ವೃತ್ತ ಇರುತ್ತದೆ. ಆ ವೃತ್ತ ಚೌಕದ ನಾಲ್ಕೂ ಬದಿಯ ನಟ್ಟನಡುವೆ ಸುಮ್ನೆ ತಾಗಿ ನಿಂತಿರಬೇಕು.

ತಮಾಷೆ ಏನಂದರೆ, ಫೈಲಿನಲ್ಲಿ ಆ ವೃತ್ತವನ್ನು ಚೌಕದಿಂದ ಹೊರಗೆ ಬರುವಷ್ಟು ದೊಡ್ಡದಾಗಿಯೇ ಬರೆದಿರುತ್ತಾರೆ. ಕನ್ನಡಿ ಅಷ್ಟು ವೇಗದಲ್ಲಿ ಪೂರ್ತಿ ದೂರ ಹೋಗಲಾರದೆ ವೃತ್ತವನ್ನು ಕುಗ್ಗಿಸುತ್ತದೆ. ಸರಿಯಾದ ವೇಗದಲ್ಲಿ ಸರಿಯಾಗಿ ಚೌಕದೊಳಗೆ ಬಂದು ಕೂರುತ್ತದೆ. ವೃತ್ತ ತೀರಾ ಸಣ್ಣದಾಗಿ ಚೌಕಕ್ಕೆ ತಾಗದೆ ತೇಲುತ್ತಿದ್ದರೆ ನಿಮ್ಮ ಕನ್ನಡಿಗೆ ಆ ವೇಗ ಜಾಸ್ತಿ. ರೇಟ್ ಇಳಿಸುತ್ತಾ ಬನ್ನಿ, ಎಲ್ಲಿ ತಾಗುತ್ತದೋ ಅದೇ ನಿಮ್ಮ ಪ್ರೊಜೆಕ್ಟರಿನ ನಿಜವಾದ ವೇಗ. ಬೆಂಗಳೂರಿನ ಒಂದು ಅಂಗಡಿಯಿಂದ ನಾನು ತಂದ ಮೊದಲ 30ಕೆ ಡಬ್ಬಿಯಲ್ಲಿ ವೃತ್ತ ತಾಗಿದ್ದು 18 ಸಾವಿರಕ್ಕೆ.

ಅದಕ್ಕಿಂತ ಜೋರಾಗಿ ಓಡಿಸಿದರೆ ಓಡುತ್ತದೆ, ಹೌದು. ಕನ್ನಡಿ ಕಿರುಗುಟ್ಟುತ್ತದೆ, ಮೋಟರ್ ಬಿಸಿಯಾಗುತ್ತದೆ, ಒಂದಿನ ನಿಲ್ಲುತ್ತದೆ. ಗ್ಯಾಲ್ವೊ ನಿಂತರೆ ಇಡೀ ಬೀಮ್ ಒಂದೇ ಚುಕ್ಕಿಯಾಗಿ ಒಂದೇ ಕಡೆ ಉರಿಯುತ್ತದೆ. ಆಗ ಲೇಸರನ್ನು ತಾನೇ ಆರಿಸುವ ಸ್ಕ್ಯಾನ್-ಫೇಲ್ ಸೇಫ್ಟಿ ಒಳಗೆ ಇದೆಯಾ ಕೇಳಿ. ಇಲ್ಲ ಅಂದರೆ ಬೆಲೆ ಎಷ್ಟೇ ಕಮ್ಮಿ ಇದ್ದರೂ ಬಿಟ್ಟು ಬನ್ನಿ. ಗ್ಯಾಲ್ವೊ ಡ್ರೈವರ್ ಬೋರ್ಡಿನ ಮೇಲೆ ಸಣ್ಣ ಸಣ್ಣ ಸ್ಕ್ರೂಗಳಿರುತ್ತವೆ. ಯೂಟ್ಯೂಬ್ ನೋಡಿ ಅವುಗಳನ್ನು ತಿರುಗಿಸಬೇಡಿ.

ಜಾಗಕ್ಕೆ ಹೊಂದಿಸುವುದು

ಮುಕ್ಕಾಲು ತಾಸಿನಲ್ಲಿ ಹೆಚ್ಚಿನ ಹೊತ್ತು ಇಲ್ಲೇ ಹೋಗುತ್ತದೆ. ಬೆಳಕಿರುವಾಗಲೇ ಪ್ರೊಜೆಕ್ಟರ್ ಕಟ್ಟಿ, ಸೇಫ್ಟಿ ಚೈನ್ ಹಾಕಿ ಮುಗಿಸಿ. ಎಮರ್ಜೆನ್ಸಿ ಸ್ಟಾಪ್ ಗುಂಡಿ ನಿಮ್ಮ ಕೈ ಹತ್ತಿರ ಇರಲಿ, ಒಂದು ಸಲ ಒತ್ತಿ ನಿಜವಾಗಿಯೂ ಆರುತ್ತದಾ ನೋಡಿ. ಕತ್ತಲು ಬೀಳುತ್ತಿದ್ದ ಹಾಗೆ, ಕುರ್ಚಿಗಳು ಖಾಲಿ ಇರುವಾಗ, ಪವರ್ ಇಳಿಸಿಕೊಂಡು ಶುರು ಮಾಡಿ.

ಮೊದಲು ದಿಕ್ಕು. ತಲೆಕೆಳಗೆ ತೂಗು ಹಾಕಿದ್ದರೆ ಚಿತ್ರವೂ ತಲೆಕೆಳಗಾಗಿರುತ್ತದೆ. ಎಕ್ಸ್ ಇನ್ವರ್ಟ್ (ಎಡ-ಬಲ ಅದಲುಬದಲು), ವೈ ಇನ್ವರ್ಟ್ (ಮೇಲೆ-ಕೆಳಗೆ ಅದಲುಬದಲು) ಎರಡನ್ನೂ ಹಾಕಿ. ಇದನ್ನು ಕೊನೆಗೆ ಮಾಡಿದರೆ ನೀವು ಮೇಲೆ ಹಾಕಿದ ಸುರಕ್ಷತೆಯ ಗೆರೆ ಕೆಳಗೆ ಬಂದು ಕೂತಿರುತ್ತದೆ, ಹಾಗಾಗಿ ಯಾವತ್ತೂ ಇದೇ ಮೊದಲು. ಆಮೇಲೆ ಸೈಜು. ಆಮೇಲೆ ಮೂಲೆ ಹಿಡಿದು ಗೋಡೆಗೆ ಕೂರಿಸುವುದು. ಕೊನೆಗೆ ಬೀಮ್ ಅಟೆನ್ಯುಯೇಶನ್ ಮ್ಯಾಪ್: ಪರದೆಯ ಮೇಲೆ ಜನ ಕೂರುವ ಭಾಗಕ್ಕೆ ಕಪ್ಪು ಬಳಿದ ಹಾಗೆ. ಅಲ್ಲಿಗೆ ಬೀಮ್ ಬಂದರೆ ತಾನೇ ಮಂಕಾಗುತ್ತದೆ ಅಥವಾ ಆರುತ್ತದೆ. ನನ್ನ ಮಟ್ಟಿಗೆ ಪ್ಯಾಂಗೊಲಿನ್ ಕಡೆ ವಾಲಲು ಇದೊಂದೇ ಕಾರಣ ಸಾಕು. ಹಾಗಂತ ಸಾಫ್ಟ್‌ವೇರ್ ಒಂದನ್ನೇ ನಂಬಬೇಡಿ. ಪ್ರೊಜೆಕ್ಟರ್ ಬಾಯಿಯ ಕೆಳಗೆ ಒಂದು ತಗಡಿನ ಪಟ್ಟಿ ಅಡ್ಡ ಬಿಗಿಯಿರಿ. ಲ್ಯಾಪ್‌ಟಾಪ್ ಹುಚ್ಚಾದರೂ ತಗಡು ಹುಚ್ಚಾಗುವುದಿಲ್ಲ.

500 ಮಿಲಿವ್ಯಾಟ್ ದಾಟಿದ ಲೇಸರ್ 4ನೇ ವರ್ಗಕ್ಕೆ ಸೇರುತ್ತದೆ. ನಾವು ಶೋಗೆ ತರುವ ವ್ಯಾಟುಗಳ ಡಬ್ಬಿ ಎಲ್ಲ ಅದೇ. ನೇರ ಬೀಮ್ ಕಣ್ಣಿಗೆ ಬಿದ್ದರೆ ರೆಟಿನಾ ಸುಡುತ್ತದೆ, ರೆಪ್ಪೆ ಮುಚ್ಚುವಷ್ಟರಲ್ಲೇ ಆಗಿಹೋಗಿರುತ್ತದೆ. ಜನ ನಿಲ್ಲುವ ನೆಲದಿಂದ 3 ಮೀಟರ್ ಮೇಲೆಯೇ ಬೀಮ್ ಇರಬೇಕು ಅನ್ನೋದು ಹೊರದೇಶಗಳಲ್ಲಿ ಪಾಲಿಸುವ ಲೆಕ್ಕ. ನಮ್ಮಲ್ಲಿ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಾರೆ, ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಹತ್ತಿ ನಿಲ್ಲುತ್ತಾರೆ. ನಾನು ಇನ್ನೂ ಮೇಲೆ ಇಡುತ್ತೇನೆ.

2008ರಲ್ಲಿ ಮಾಸ್ಕೋ ಹತ್ತಿರದ ಒಂದು ಬಯಲು ಸಂಗೀತ ಕಾರ್ಯಕ್ರಮದಲ್ಲಿ ಮಳೆ ಬಂತು ಅಂತ ಟೆಂಟ್ ಹಾಕಿದರು. ಆಕಾಶಕ್ಕೆ ಹೋಗಬೇಕಿದ್ದ ಲೇಸರ್ ಜನರ ಮೇಲೆ ತಿರುಗಿತು. ಹಲವರ ರೆಟಿನಾ ಸುಟ್ಟಿತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ ನಮ್ಮ ಗಣಪತಿ ಹಬ್ಬ ಬರುವುದೂ ಮಳೆಗಾಲದಲ್ಲೇ. ಸಂಜೆ ಐದಕ್ಕೆ ಹನಿ ಬಿದ್ದರೆ ಪೆಂಡಾಲಿನವರು ತಾಡಪಾಲು ಕೆಳಗೆ ಎಳೆಯುತ್ತಾರೆ, ನಿಮ್ಮ ಪ್ರೊಜೆಕ್ಟರನ್ನೂ "ಸ್ವಲ್ಪ ಸರಿಸಿ" ಬಿಡುತ್ತಾರೆ. ಯಾರಾದರೂ ಡಬ್ಬಿ ಮುಟ್ಟಿದರೆ ಝೋನ್ ಸತ್ತ ಹಾಗೆ. ಮತ್ತೆ ಮೊದಲಿಂದ. ಮೆರವಣಿಗೆಯ ಗಾಡಿಯ ಮೇಲೆ ಲೇಸರ್ ಇಡೋಕೆ ನಾನು ಒಪ್ಪದಿರುವುದೂ ಇದಕ್ಕೇ. ಗಾಡಿ ಕುಲುಕುತ್ತದೆ, ಜನ ಎಲ್ಲ ಎತ್ತರದಲ್ಲೂ ಇರುತ್ತಾರೆ, ಬಾಲ್ಕನಿಯಲ್ಲೂ ಇರುತ್ತಾರೆ. ಅಲ್ಲಿ ಯಾವ ಝೋನೂ ನಿಲ್ಲುವುದಿಲ್ಲ. ಹುಬ್ಬಳ್ಳಿಯ ದುರ್ಗದಬೈಲಿನಂಥ ಇಕ್ಕಟ್ಟಿನಲ್ಲಂತೂ ಕೇಳಲೇಬೇಡಿ.

ಹೊಳೆಯುವ ವಸ್ತುಗಳನ್ನು ಹಗಲಲ್ಲೇ ಲೆಕ್ಕ ಹಾಕಿ. ತೇರಿನ ಹಿತ್ತಾಳೆ ಕಳಸ, ಊಟದ ಕಡೆ ಜೋಡಿಸಿದ ಸ್ಟೀಲ್ ಪಾತ್ರೆ, ಸ್ಟೇಜಿನ ಕನ್ನಡಿ ಚೂರಿನ ಅಲಂಕಾರ, ಕಾರಿನ ಗಾಜು. ಎಲ್ಲ ಕನ್ನಡಿಯೇ. ಸುತ್ತ ಗಾಜೇ ಇರುವ ಹಾಲಿನಲ್ಲಿ ಬೀಮ್ ಶೋ ಬೇಡ ಅಂತ ನಾನು ಸೀದಾ ಹೇಳುತ್ತೇನೆ. ಮದುವೆ ಫೋಟೋಗ್ರಾಫರಿಗೂ ಮೊದಲೇ ಹೇಳಿ. ಬೀಮ್ ಲೆನ್ಸಿನೊಳಗೆ ಹೋದರೆ ಕ್ಯಾಮೆರಾದ ಸೆನ್ಸರ್ ಮೇಲೆ ಖಾಯಂ ಗೆರೆ ಬೀಳುತ್ತದೆ. ಆ ಬಿಲ್ಲು ನಿಮ್ಮ ಬಾಡಿಗೆಗಿಂತ ಜಾಸ್ತಿ.

ಇನ್ನು ಆಕಾಶ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ವಿಮಾನ ನಿಲ್ದಾಣ ಇದೆ. ನಿಲ್ದಾಣದಿಂದ 18.5 ಕಿಲೋಮೀಟರ್‌ವರೆಗೆ ಪೈಲಟ್ ಕಣ್ಣಿಗೆ ಬೀಳುವ ಲೇಸರ್ ಪ್ರತಿ ಚದರ ಸೆಂಟಿಮೀಟರಿಗೆ 5 ಮೈಕ್ರೋವ್ಯಾಟ್ ದಾಟಬಾರದು ಅನ್ನೋದು ಅಂತಾರಾಷ್ಟ್ರೀಯ ವಿಮಾನಯಾನ ಸಂಸ್ಥೆಯ ಮಾನದಂಡ. ನಿಲ್ದಾಣದ ಹತ್ತಿರ ಬಂದಷ್ಟೂ ಮಿತಿ ಇನ್ನೂ ಕಮ್ಮಿ. ಹುಬ್ಬಳ್ಳಿ ಬಿಡಿ, ಧಾರವಾಡವೂ ಆ ಸುತ್ತಳತೆಯೊಳಗೇ ಬರುತ್ತದೆ. ಬಯಲಿನಲ್ಲಿ ಬೀಮ್ ಮೇಲೆ ಹೋಗಬೇಕಾದರೆ ಅದು ಕಟ್ಟಡಕ್ಕೋ ದಟ್ಟ ಮರಕ್ಕೋ ಬಡಿದು ಅಲ್ಲೇ ನಿಲ್ಲಬೇಕು.

ಬಣ್ಣ

ಬಿಳಿ ಬಿಡಿ ಅಂತ ಸಾಫ್ಟ್‌ವೇರಿಗೆ ಹೇಳಿದರೆ ಗೋಡೆಯ ಮೇಲೆ ಬರೋದು ಹಸಿರು ಮಿಶ್ರಿತ ಬಿಳಿ. ನಮ್ಮ ಕಣ್ಣಿಗೆ ಹಸಿರು ಜಾಸ್ತಿ ಕಾಣುತ್ತದೆ. 520 ನ್ಯಾನೋಮೀಟರ್ ಸುತ್ತಲಿನ ಹಸಿರಿನ ಮುಂದೆ 638ರ ಕೆಂಪು, 445ರ ನೀಲಿ ಅಷ್ಟೇ ವ್ಯಾಟಿದ್ದರೂ ಮಂಕು. ಬಣ್ಣದ ಸೆಟ್ಟಿಂಗಿನಲ್ಲಿ ಹಸಿರನ್ನು ಇಳಿಸುತ್ತಾ ಬಿಳಿ ಬರುವ ತನಕ ಹೊಂದಿಸಬೇಕು. ಬಿಳಿ ಹಾಳೆ ಪಕ್ಕದಲ್ಲಿ ಹಿಡಿದರೆ ಕಣ್ಣಿಗೆ ಆಧಾರ ಸಿಗುತ್ತದೆ.

ಡಬ್ಬಿ ಆನ್ ಮಾಡಿ ಕಾಲು ತಾಸು ಆದ ಮೇಲೆ ಇದನ್ನು ಮಾಡಿ. ಕೆಂಪು ಡಯೋಡ್ ಬಿಸಿಯಾದ ಹಾಗೆ ಸೊರಗುತ್ತದೆ. ಏಪ್ರಿಲ್‌ನ ಗದಗಿನಲ್ಲಿ ಸಂಜೆ ಏಳಕ್ಕೂ ತಗಡು ಮುಟ್ಟೋಕಾಗುವುದಿಲ್ಲ, ತಣ್ಣಗಿದ್ದಾಗ ಹೊಂದಿಸಿದ ಬಿಳಿ ಆಮೇಲೆ ತಿಳಿ ನೀಲಿಯಾಗಿರುತ್ತದೆ. ಟಿಟಿಎಲ್ ಡಬ್ಬಿ ಇದ್ದವರು ಈ ಭಾಗ ಬಿಟ್ಟುಬಿಡಿ. ಅದರಲ್ಲಿ ಪ್ರತಿ ಬಣ್ಣ ಪೂರ್ತಿ ಆನ್ ಇಲ್ಲ ಪೂರ್ತಿ ಆಫ್. ಒಟ್ಟು ಏಳೇ ಬಣ್ಣ, ಹೊಂದಿಸೋಕೆ ಏನೂ ಇಲ್ಲ. ಪ್ರತಿ ಬಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಏರಿಳಿಸುವ ಅನಲಾಗ್ ಮಾಡ್ಯುಲೇಶನ್ ಇದೆಯಾ ಅಂತ ಕೇಳಿಯೇ ತಗೊಳ್ಳಿ.

ಅಕ್ಷರದ ತುದಿಯಲ್ಲಿ ಸಣ್ಣ ಬಾಲ ಕಾಣಿಸಿದರೆ ಅದು ಬಣ್ಣದ ತಪ್ಪಲ್ಲ, ಸಮಯದ ತಪ್ಪು. ಲೇಸರ್ ಚಕ್ಕನೆ ಆರುತ್ತದೆ, ಕನ್ನಡಿ ಸ್ವಲ್ಪ ತಡವಾಗಿ ತಲುಪುತ್ತದೆ. ಕಲರ್ ಶಿಫ್ಟ್ ಅನ್ನೋ ಸೆಟ್ಟಿಂಗ್ ಒಂದೊಂದೇ ಹೆಜ್ಜೆ ಬದಲಿಸಿ, ಬಾಲ ಹೋಗುವ ತನಕ.

ಕನ್ನಡದಲ್ಲಿ ಹೆಸರು ಬರೆಸುವ ಕಷ್ಟ

ಇಂಗ್ಲಿಷಿನ ಎಲ್ ಅಕ್ಷರಕ್ಕೆ ಎರಡು ಗೆರೆ ಸಾಕು. ನಮ್ಮ ಅಕ್ಷರ ಗುಂಡಗೆ. ಗುಂಡಗಿರುವುದು ಕನ್ನಡಿಗೆ ಸುಖವೇ, ಚೂಪು ಮೂಲೆಯಲ್ಲಿ ನಿಂತು ತಿರುಗಬೇಕಾಗಿಲ್ಲ. ಆದರೆ ಚುಕ್ಕಿ ಜಾಸ್ತಿ ಬೇಕು, ಮೇಲೆ ಒತ್ತಕ್ಷರ. "ಲಕ್ಕುಂಡಿ" ಬರೆಯಬೇಕು ಅನ್ನಿ. ಕ ಬರೆದು, ಲೇಸರ್ ಆರಿಸಿ, ಕೆಳಗೆ ಹಾರಿ, ಒತ್ತು ಬರೆದು, ಮತ್ತೆ ಆರಿಸಿ, ಮೇಲೆ ಹಾರಿ ಸೊನ್ನೆಗೆ ಬರಬೇಕು. ಹಾರಾಟಕ್ಕೂ ಸಮಯ ಹೋಗುತ್ತದೆ.

ಲೆಕ್ಕ ಹೀಗಿದೆ. 30 ಸಾವಿರದ ವೇಗದಲ್ಲಿ 600 ಚುಕ್ಕಿಯ ಬರಹ ಸೆಕೆಂಡಿಗೆ 50 ಸಲ ಬರುತ್ತದೆ, ನಿಂತ ಹಾಗೆ ಕಾಣುತ್ತದೆ. 1500 ಚುಕ್ಕಿ ಆದರೆ 20 ಸಲ ಮಾತ್ರ, ಕಣ್ಣು ಕುಕ್ಕುವ ಹಾಗೆ ಮಿಣುಕುತ್ತದೆ. ನನ್ನ ಆ 18 ಸಾವಿರದ ಡಬ್ಬಿಯಲ್ಲಿ ಅದು 12ಕ್ಕೆ ಇಳಿಯುತ್ತಿತ್ತು. ಮದುಮಕ್ಕಳ ಹೆಸರು ಒಟ್ಟಿಗೆ ಬೇಡ, ಒಂದಾದ ಮೇಲೆ ಒಂದು ಬರಲಿ ಅಂತ ಮನೆಯವರನ್ನು ಒಪ್ಪಿಸುವುದೂ ಕ್ಯಾಲಿಬ್ರೇಶನ್‌ನ ಒಂದು ಭಾಗವೇ ಅಲ್ವಾ.

ಹಾಗಂತ ಚುಕ್ಕಿ ಕಮ್ಮಿ ಮಾಡಲು ಹೋದರೆ ಬೇರೆ ಅಪಾಯ. ಒಮ್ಮೆ "ಸಿದ್ಧಾರೂಢ" ಅಂತ ಬರೆಸಿದ್ದೆ. ಚುಕ್ಕಿ ಉಳಿಸುವ ಭರದಲ್ಲಿ ಢ ಕೆಳಗಿನ ಸಣ್ಣ ಗೀಟು ಹೋಗಿ ಡ ಆಯಿತು. ನನಗೆ ಕಾಣಲಿಲ್ಲ. ಮುಂದೆ ಕೂತ ಒಬ್ಬ ಅಜ್ಜನಿಗೆ ಕಂಡಿತು. "ತಮ್ಮಾ, ಅಜ್ಜಾರ ಹೆಸರು ತಪ್ಪೈತಿ" ಅಂದರು. ಪ್ರಸಾದಕ್ಕೆ ಕೂತಾಗಲೂ ಮತ್ತೆ ಹೇಳಿದರು.

ಫಾಂಟ್ ವಿಷಯಕ್ಕೆ ಬಂದರೆ, ಸಾಫ್ಟ್‌ವೇರಿನ ಅಕ್ಷರದ ಕಿಟಕಿಯಲ್ಲಿ ಯೂನಿಕೋಡ್ ಕನ್ನಡ ಒಡೆದು ಬಂದರೆ ಹಳೇ ನುಡಿ ಫಾಂಟ್ ಹಾಕಿ ನೋಡಿ. ಪ್ರಿಂಟಿಂಗ್ ಪ್ರೆಸ್ಸಿನವರು ಈಗಲೂ ಅದೇ ಜುಗಾಡ್ ಮಾಡುತ್ತಾರೆ. ಆದರೆ ಫಾಂಟ್ ಯಾವುದೇ ಇರಲಿ, ಅದು ಅಕ್ಷರದ ಅಂಚನ್ನು ಬರೆಯುತ್ತದೆ. ಒಂದು ಗೆರೆಯ ಬದಲು ಎರಡು, ಚುಕ್ಕಿ ದುಪ್ಪಟ್ಟು. ನಾನು ಈಗ ಹಾಳೆಯ ಮೇಲೆ ದಪ್ಪ ಪೆನ್ನಿನಲ್ಲಿ ಬರೆದು, ಫೋಟೋ ತೆಗೆದು, ಎಡಿಟರಿನಲ್ಲಿ ಅದರ ಮೇಲೆ ಒಂಟಿ ಗೆರೆ ಎಳೆಯುತ್ತೇನೆ. ಹೆಸರಿಗೆ ಹತ್ತು ನಿಮಿಷ. ಮದುವೆಯ ಹಿಂದಿನ ದಿನವೇ ಮಾಡಿಡುತ್ತೇನೆ.

ಹಾಗಾದರೆ ಯಾವುದು?

ತಿಂಗಳಿಗೆ ಒಂದೆರಡು ಸಣ್ಣ ಕೆಲಸ ಇದ್ದರೆ ಕೊಳ್ಳಲೇಬೇಡಿ, ಬಾಡಿಗೆಗೆ ತನ್ನಿ. ಹಾಲ್‌ನ ಮದುವೆಗಳೇ ಜಾಸ್ತಿ, ಪ್ರೊಜೆಕ್ಟರ್ ಒಂದೇ ಅಂದರೆ ಐಎಲ್‌ಡಿಎ ಇರುವ ಅನಲಾಗ್ ಡಬ್ಬಿ, ಯುಎಸ್‌ಬಿ ಪೆಟ್ಟಿಗೆ, ಕ್ವಿಕ್‌ಶೋ, ಉದ್ದನೆಯ ಕೇಬಲ್. ಜಾತ್ರೆ, ಉತ್ಸವ, ಕಾಲೇಜು ಗ್ರೌಂಡ್ ಅಂತ ಬಯಲು ಕೆಲಸ ಹಿಡಿಯುವವರು ಇನ್ನೊಂದು ಸೀಸನ್ ಕಾದರೂ ಪರವಾಗಿಲ್ಲ, ಎಫ್‌ಬಿ4 ಒಳಗಿರುವುದನ್ನೇ ತಗೊಳ್ಳಿ. ಎರಡು ಕಮ್ಮಿ ವ್ಯಾಟಿನ ಒಳ್ಳೆ ಡಬ್ಬಿ ಒಂದು ಜಾಸ್ತಿ ವ್ಯಾಟಿನ ಕೆಟ್ಟ ಡಬ್ಬಿಗಿಂತ ಚೆಂದ ಕಾಣುತ್ತದೆ. ಗಾಳಿ ಬೀಸುವ ಬಯಲಿನಲ್ಲಿ ಬೀಮ್ ಕಾಣಲು ಬಿಡುವ ಹೊಗೆ ನಿಲ್ಲುವುದಿಲ್ಲವಾದ್ದರಿಂದ ಹೇಜ್ ಮಷೀನನ್ನು ಗಾಳಿ ಬರುವ ಕಡೆಗೇ ಇಡಬೇಕು, ಅದಕ್ಕೂ ಸ್ವಲ್ಪ ದುಡ್ಡು ಉಳಿಸಿಕೊಳ್ಳಿ. ಬೇಸಿಗೆ ಮುಗಿದ ಮೇಲೆ ಒಮ್ಮೆ ಪ್ರೊಜೆಕ್ಟರಿನ ಕಿಟಕಿ ಗಾಜು ಒರೆಸಿ. ನಮ್ಮ ಎರೆಮಣ್ಣಿನ ಧೂಳು ಕೂತರೆ ಅರ್ಧ ಬೆಳಕು ಅಲ್ಲೇ ಚೆದುರುತ್ತದೆ.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ನಾನು ಲ್ಯಾಪ್‌ಟಾಪ್, ಪೆಟ್ಟಿಗೆ, 5 ಮೀಟರ್ ಟೇಪು ಒಯ್ಯುತ್ತೇನೆ. ಮಾರುವವರು ಹೊಗೆ ಬಿಟ್ಟು, ಹಾಡು ಹಾಕಿ, ಬೀಮ್ ತೋರಿಸುತ್ತಾರೆ. ಚೆಂದವೇ ಇರುತ್ತದೆ. ಆಮೇಲೆ ನಾನು ಹೊಗೆ ನಿಲ್ಲಿಸಿ ಅಂತೀನಿ, ಗೋಡೆಗೆ ಟೇಪು ಹಿಡಿದು 70 ಸೆಂಟಿಮೀಟರಿಗೆ ಪೆನ್ಸಿಲ್ ಗುರುತು ಹಾಕುತ್ತೇನೆ. "ಏನ್ರಿ, ಗೋಡೆ ಅಳ್ಯಾಕ ಬಂದೀರೇನು?" ಅಂತ ಕಳೆದ ಸಲ ಒಬ್ಬರು ನಕ್ಕರು. ವೃತ್ತ ಚೌಕದೊಳಗೆ ಒಂದು ಬೆರಳು ಸಣ್ಣದಿತ್ತು. ಅವರೂ ಹತ್ತಿರ ಬಂದು ಬಗ್ಗಿ ನೋಡಿದರು, ಆಮೇಲೆ ಕೇಳದೇ ರೇಟು ಇಳಿಸಿದರು.